ವಿಶ್ವವಿದ್ಯಾಲಯದ ಪೀಠವೂ ಖಾನಾಪುರದ ತಿಗರಿಯೂ

ಸಂಗೀತ, ನಾಟ್ಯ, ಚಿತ್ರ, ಶಿಲ್ಪಗಳು ವಿಶ್ವವಿದ್ಯಾಲಯಗಳ ಅಭ್ಯಾಸಕ್ರಮದಲ್ಲಿ ಸೇರಿ ಬಹುಕಾಲವಾಯಿತು. ಸಾಹಿತ್ಯ, ಗಣಿತಗಳಿಗೆ ಇರುವಂತೆಯೇ ಇವುಗಳಿಗೂ ಈಗ ವಿಭಾಗಗಳುಂಟು, ಪರೀಕ್ಷೆಗಳುಂಟು, ಪದವಿಗಳುಂಟು. ವೈದ್ಯವಿದ್ಯೆಗೆ ಹೆಸರಾದ ಬೆಳಗಾವಿಯ ಕೆ.ಎಲ್.ಇ. ವಿಶ್ವವಿದ್ಯಾಲಯವು ಕೂಡ ಸಂಗೀತಕ್ಕೊಂದು ಶಾಖೆಯನ್ನು ತೆರೆದುದು ಸಂತೋಷದ ಸಂಗತಿಯೇ ಸರಿ. ಆದರೆ ಈ ವಿಭಾಗಗಳಲ್ಲಿ ಕಲಿಸತಕ್ಕವರು ಯಾರು, ಅವರನ್ನು ಯಾವ ಅಳತೆಯಿಂದ ಆರಿಸತಕ್ಕದ್ದು ಎಂಬ ಪ್ರಶ್ನೆಯು ಮಾತ್ರ ಇನ್ನೂ ಸಮಾಧಾನಕರವಾಗಿ ಬಗೆಹರಿದಿಲ್ಲ. ಅದನ್ನೇ ಇಂದು ವಾಚಕರ ಮುಂದಿಡುವೆವು.

ಕಲಾವಿಭಾಗದ ದಿನಚರಿಯು ಇತರ ವಿಭಾಗಗಳ ದಿನಚರಿಯಂತಲ್ಲ. ತಂಬೂರಿಯ ಶ್ರುತಿ ಕೂಡುವವರೆಗೆ ಪಾಠವು ಮೊದಲಾಗದು. ವೇಳಾಪತ್ರಿಕೆಯೋ ಅದಕ್ಕಾಗಿ ಕಾಯದು. ಬೆಳಗಿನ ಜಾವದ ಭೈರವವನ್ನು ಕಚೇರಿಯ ವೇಳೆಯಲ್ಲಿ, ಬಿಸಿಲೇರಿದ ಮೇಲೆ, ಹಾಡಬೇಕಾಗುವುದು. ಒಂದು ರಾಗವನ್ನು ವರ್ಷಗಟ್ಟಲೆ ತಿದ್ದುವ ಪದ್ಧತಿ ಹೋಗಿ, ಆರು ತಿಂಗಳ ಅವಧಿಯಲ್ಲಿ ಹಲವು ರಾಗಗಳನ್ನು ಮುಗಿಸಿ ಪರೀಕ್ಷಕರಿಗೆ ಒಪ್ಪಿಸುವ ಪದ್ಧತಿ ಬಂದಿದೆ. ಇದನ್ನು ಕಂಡು, ಕಲೆಯು ವಿಶ್ವವಿದ್ಯಾಲಯವನ್ನು ಸೇರಿ ಕೆಟ್ಟಿತೆಂದು ನಿಟ್ಟುಸಿರಿಡುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ನಾವು ಅವರ ಪಕ್ಷದವರಲ್ಲ. ಗುರುವಿನ ಮನೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ವಿಭಾಗದ ಬಾಗಿಲು ಅರ್ಜಿ ಹಾಕಿದ ಬಡವರ ಹುಡುಗಿಗೂ ತೆರೆಯುವುದು. ಈ ಲಾಭವು ಸಣ್ಣದಲ್ಲ.

ಶಾಲೆಯ ಸಂಗೀತದಿಂದ ಗವಾಯಿ ಹುಟ್ಟನೆಂಬ ಮಾತಿಗೆ ನಮ್ಮ ಜಿಲ್ಲೆಯೇ ಉತ್ತರ ಕೊಟ್ಟಿದೆ. 1924ರಲ್ಲಿ ಬೆಳಗಾವಿಗೆ ಸಮೀಪದ ಸುಳೇಭಾವಿಯಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ, ಅಂದರೆ ಕುಮಾರ ಗಂಧರ್ವರು, ಬಾಲ್ಯದಲ್ಲಿಯೇ ಮುಂಬಯಿಗೆ ಹೋಗಿ ಪ್ರೊ. ಬಿ. ಆರ್. ದೇವಧರರ ಸಂಗೀತಶಾಲೆಯಲ್ಲಿ ಕಲಿತರು. ಅದು ಶಾಲೆಯೇ ಆಗಿತ್ತು; ಆದರೆ ಅಲ್ಲಿ ಕಲಿಸುವವರು ಸ್ವತಃ ಗಾಯಕರಾಗಿದ್ದರು. ಮುಂದೆ ಅವರು ದೇವಾಸದಲ್ಲಿ ನೆಲೆಸಿ, 1992ರಲ್ಲಿ ಅಲ್ಲಿಯೇ ತೀರಿಕೊಂಡರು. ಚಿತ್ರಕಲೆಯಲ್ಲಿಯೂ ಇದೇ ಕಥೆ. ಬೆಳಗಾವಿಯ ಕೆ. ಬಿ. ಕುಲಕರ್ಣಿಯವರ ಕೈಯಲ್ಲಿ ಪಳಗಿದ ರವಿ ಪರಾಂಜಪೆಯವರ ಕುಂಚವು ಹೆಸರು ಗಳಿಸಿದುದು ಮುಂಬಯಿ, ಪುಣೆಗಳಲ್ಲಿ. ಊರಿನಲ್ಲಿ ಕಲೆ ಮೊಳೆಯುತ್ತದೆ; ಬೆಳೆಯುವುದಕ್ಕೆ ಪರವೂರನ್ನು ಹುಡುಕುತ್ತದೆ. ಅವರ ಹೆಸರಿನ ರಂಗಮಂದಿರವನ್ನು ನಾವು ಕಟ್ಟಿಕೊಂಡೆವು, ಅದು ಒಳ್ಳೆಯದೇ.

ಇನ್ನು ಪದವಿಯ ಮಾತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ತನ್ನ ಸಂಗೀತ ವಿಭಾಗಕ್ಕೆ ಮಲ್ಲಿಕಾರ್ಜುನ ಮನಸೂರರನ್ನು ಗೌರವ ನಿರ್ದೇಶಕರನ್ನಾಗಿಯೂ, ಗಂಗೂಬಾಯಿ ಹಾನಗಲ್ಲರನ್ನು ಗೌರವ ಪ್ರಾಧ್ಯಾಪಿಕೆಯನ್ನಾಗಿಯೂ ಬರಮಾಡಿಕೊಂಡಿತ್ತು. ಮನಸೂರರು ಚಿಕ್ಕಂದಿನಲ್ಲಿಯೇ ಶಾಲೆ ಬಿಟ್ಟವರು. ಗಂಗೂಬಾಯಿಯವರು ಪ್ರಾಥಮಿಕ ಶಿಕ್ಷಣದಾಚೆ ಓದಿದವರಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತುದೇ ಅವರ ಪದವಿ. ಇಂದು ಇವರೀರ್ವರೂ ಅರ್ಜಿ ಹಾಕಿದ್ದರೆ ಏನಾಗುತ್ತಿತ್ತು? ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು ಕಲಾವಿದರಿಗೆಂದು ಪ್ರತ್ಯೇಕ ಹಾದಿಯೊಂದನ್ನು ತೆರೆದಿವೆ, ನಿಜ. ಹೆಸರಾಂತ ಗುರುವಿನಲ್ಲಿ ಅಭ್ಯಾಸ, ಆಕಾಶವಾಣಿಯ ಎ ಶ್ರೇಣಿ ಮುಂತಾದವುಗಳನ್ನು ಅಲ್ಲಿ ಯೋಗ್ಯತೆಯೆಂದು ಮನ್ನಿಸಲಾಗಿದೆ. ಆದರೆ ಆ ಹಾದಿಯ ಬಾಯಲ್ಲಿಯೂ ಸ್ನಾತಕ ಪದವಿಯ ಕಾವಲುಗಾರನನ್ನು ನಿಲ್ಲಿಸಿದೆ. ನಮ್ಮ ಜಿಲ್ಲೆಯ ಶ್ರೀಕೃಷ್ಣ ಪಾರಿಜಾತವನ್ನು ತೆಗೆದುಕೊಳ್ಳಿರಿ. ಕುಲಗೋಡ ತಮ್ಮಣ್ಣನು ರೂಪುಗೊಳಿಸಿದ, ಕೌಜಲಗಿ ನಿಂಗಮ್ಮನಂಥವರು ಮೆರೆಸಿದ ಆ ಆಟವನ್ನು ರಾತ್ರಿಯಿಡೀ ಆಡಬಲ್ಲವರಲ್ಲಿ ಪದವೀಧರರು ಎಷ್ಟು ಮಂದಿ ಸಿಕ್ಕಾರು?

ಈ ಕಾವಲನ್ನು ತಪ್ಪಿಸುವ ಎರಡು ಬಾಗಿಲುಗಳು ಇತ್ತೀಚೆಗೆ ತೆರೆದಿವೆ. 2022ರಲ್ಲಿ ಆಯೋಗವು ಅನುಭವವನ್ನೇ ಯೋಗ್ಯತೆಯೆಂದು ಬಗೆದು, ಔಪಚಾರಿಕ ಪದವಿ ಇಲ್ಲದವರನ್ನೂ ಪ್ರಾಧ್ಯಾಪಕರನ್ನಾಗಿ ಕೆಲವು ವರ್ಷಗಳ ಮಟ್ಟಿಗೆ ಕರೆದುಕೊಳ್ಳಲು ಅನುಮತಿಯಿತ್ತಿತು. ಅಂಥವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇಕಡಾ 10ನ್ನು ಮೀರಬಾರದು. 2023ರಲ್ಲಿ ಸ್ಥಳೀಯ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ವಿದ್ಯಾಲಯದಲ್ಲಿಯೇ ನೆಲೆಗೊಳಿಸಿ, ಅವರಿಂದ ಕಲಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ಕುಶಲಕರ್ಮಿ ಎಂಬ ಆ ಒಂದು ಮಾತಿನ ಮೇಲೆ ಅಧಿಕಾರಿವರ್ಗದವರು ಲಕ್ಷ್ಯವಿಡಬೇಕೆಂದು ನಾವು ಬಿನ್ನವಿಸುವೆವು; ಏಕೆಂದರೆ ಬೆಳಗಾವಿಯಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿಯಲ್ಲಿ ಖಾನಾಪುರವಿದೆ.

ಮಲಪ್ರಭೆಯ ದಂಡೆಯ ಈ ಊರಿನ ಮಣ್ಣು ಗಡಿಗೆ, ಹಂಚುಗಳಿಗೆ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯು ಇಲ್ಲಿಯೇ ಸ್ಥಾಪಿತವಾದುದು ಸುಮ್ಮನಲ್ಲ. ಸಮೀಪದಲ್ಲಿಯೇ ಕದಂಬರ ಹಲಸಿಯ ಭೂವರಾಹ ನರಸಿಂಹ ದೇವಾಲಯ; ದೇಗಾವಿಯಲ್ಲಿ ಕಮಲನಾರಾಯಣನ ಗುಡಿ. ಶಿಲ್ಪವನ್ನು ಕಲಿಯುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ತರಗತಿಯನ್ನು ಯಾರು ಕಟ್ಟಿಕೊಟ್ಟಾರು? ಮಣ್ಣನ್ನು ನೆನೆಯಿಟ್ಟು, ತುಳಿದು, ಹದವರಿತು ತಿಗರಿಯ ನಡುವೆ ಮುದ್ದೆಯನ್ನು ನಿಲ್ಲಿಸುವುದನ್ನು ಪುಸ್ತಕದಿಂದ ಕಲಿಯಲಾಗದು; ಮುದ್ದೆ ಎಳ್ಳಷ್ಟು ಓರೆಯಾದರೂ ಗಡಿಗೆ ಕೈಯಲ್ಲಿಯೇ ಕುಸಿಯುವುದು. ಆವಿಗೆಯ ಬೆಂಕಿಯನ್ನು ಹೊಗೆಯ ಬಣ್ಣದಿಂದ ಅರಿಯುವ ಕುಂಬಾರನಿಗೆ ಆ ಅರಿವು ತಂದೆಯ ಪಕ್ಕದಲ್ಲಿ ಕುಳಿತು ಬಂದುದು. ಅವನ ಮಗನು ನೌಕರಿಗೆಂದು ಪೇಟೆಗೆ ಹೋದರೆ ಆ ಅರಿವು ಅಲ್ಲಿಗೆ ನಿಲ್ಲುವುದು. ನಾವು ಅಂಜುವುದು ಇದಕ್ಕೆ. ಮಗನು ಹೋಗಬಾರದೆಂದು ಹೇಳಲು ನಮಗೆ ಅಧಿಕಾರವಿಲ್ಲ. ಅದನ್ನು ಕಲಿಯಲು ಬೇರೊಬ್ಬರ ಮಕ್ಕಳು ಸಿದ್ಧರಿದ್ದರೆ, ಅವರನ್ನೂ ಕುಂಬಾರನನ್ನೂ ಕೂಡಿಸುವ ಕೆಲಸವು ವಿಶ್ವವಿದ್ಯಾಲಯದ್ದು.

ಖಾನಾಪುರದಲ್ಲಿ ಕನ್ನಡವೂ ಮರಾಠಿಯೂ ಕೇಳಿಬರುವುವು. ಕಲಿಸುವವನು ಮನೆಯಲ್ಲಿ ಯಾವ ಮಾತನ್ನಾಡುವನೆಂದು ಕೇಳಿ ಅವನನ್ನು ಹಿಂದಕ್ಕೆ ಕಳಿಸುವ ಅವಿವೇಕವು ನಮ್ಮವರಿಂದ ಆಗದಿರಲಿ. ಕನ್ನಡದಲ್ಲಿ ಅವನ ಪಾಠವನ್ನು ಬರೆದಿಡುವ ಹೊಣೆಯನ್ನು ವಿದ್ಯಾರ್ಥಿಗಳಿಗೆ ವಹಿಸಿದರಾಯಿತು. ಹಾಗೆ ಮಾಡಿದರೆ ಮಣ್ಣಿನ ಕೆಲಸದ ನಮ್ಮ ಮಾತುಗಳೂ ಕೋಶಕ್ಕೆ ಸೇರುವುವು.

2010ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೂ, ಕೆ.ಎಲ್.ಇ.ಗೂ, ಧಾರವಾಡಕ್ಕೂ ನಮ್ಮ ಸೂಚನೆ ಒಂದೇ. ಗೌರವಧನವನ್ನು ಮೊದಲೇ ಗೊತ್ತುಪಡಿಸಿರಿ. ತಿಗರಿ ಬಿಟ್ಟು ಬಂದ ದಿನ ಕುಂಬಾರನ ಮನೆಯಲ್ಲಿ ದುಡಿಮೆಯಿಲ್ಲ; ಆದ್ದರಿಂದ ಹಣವು ಕಡತಗಳ ನಡುವೆ ತಿಂಗಳುಗಟ್ಟಲೆ ನಿಲ್ಲಬಾರದು. ಆವಿಗೆಗೆ ಬಯಲಿನಲ್ಲಿ ಜಾಗ ಕೊಡಿರಿ. ಗಣೇಶ ಚತುರ್ಥಿಗೆ ಮುಂಚೆ ಮೂರ್ತಿಗಳ, ದೀಪಾವಳಿಗೆ ಮುಂಚೆ ಹಣತೆಗಳ ಕೆಲಸದಲ್ಲಿ ಅವನಿಗೆ ಬಿಡುವಿರದು. ಆ ವಾರಗಳಲ್ಲಿ ಅವನು ಬೆಳಗಾವಿಗೆ ಬರಬೇಕೆಂದು ಹಟ ಹಿಡಿಯದೆ, ತರಗತಿಯನ್ನೇ ಖಾನಾಪುರಕ್ಕೆ ಕಳಿಸುವ ಏರ್ಪಾಡನ್ನು ಈ ವರ್ಷದ ವೇಳಾಪತ್ರಿಕೆಯಲ್ಲಿಯೇ ಬರೆಯಿರಿ.