ಮುಂಗಡ ಊಟದ ಲೆಕ್ಕ

2024ರಲ್ಲಿ ಅಮೆರಿಕದಲ್ಲಿರುವ ಮಗಳೊಡನೆ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೊರಟಾಗ ನಮ್ಮ ಮುಂದೆ ಒಂದು ಪ್ರಶ್ನೆಯಿತ್ತು: ಊಟದ ಹಣವನ್ನು ಮುಂಗಡವಾಗಿ ಕಟ್ಟುವುದೇ, ಬೇಡವೇ? ಕೋವಿಡ್ ಕಾಲದಲ್ಲಿ ನಿಂತಿದ್ದ ಈ ಯೋಜನೆ ಆ ವರ್ಷದ ಜನವರಿಯಲ್ಲಿ ಮರಳಿತ್ತು. ಆಗ ಅಗ್ಗದ ಯೋಜನೆಗೂ ವಯಸ್ಕರಿಗೆ ರಾತ್ರಿಯೊಂದಕ್ಕೆ ಸುಮಾರು 57 ಡಾಲರ್ ಇತ್ತು. ಅದಕ್ಕೆ ಎರಡು ಊಟ, ಒಂದು ಲಘು ತಿನಿಸು. ಜೊತೆಯಲ್ಲಿ ತಂಗುವ, ಮೂರು ವರ್ಷ ತುಂಬಿದ ಎಲ್ಲರೂ ಆಗ ಕಟ್ಟಲೇಬೇಕಿತ್ತು. ಉಣ್ಣದೆ ಉಳಿದದ್ದಕ್ಕೆ ಹಣ ಮರಳದು.

ಊಟದೊಡನೆ ಮದ್ಯವನ್ನೂ ಸೇರಿಸಿ ನಿಗದಿಪಡಿಸಿದ ದರವದು. ಮಿತವಾಗಿ ಉಣ್ಣುವ ಸಸ್ಯಾಹಾರಿಗಳಾದ ನಮಗೆ ನಷ್ಟವೆಂದು ಲೆಕ್ಕ ಹಾಕಿದೆ. ಹೊರಗಿನ ತಿನಿಸು ಒಯ್ಯಲು ಅಲ್ಲಿ ಅಡ್ಡಿಯಿಲ್ಲ. ಊಟದ ಕೌಂಟರುಗಳಲ್ಲಿ ಕೇಳಿದರೆ ಒಂದು ಲೋಟ ನೀರು ಉಚಿತ. ಚಪಾತಿ ಕಟ್ಟಿಕೊಂಡೆವು.

ಲೆಕ್ಕವೇನೋ ಸರಿಯಾಗಿತ್ತು. ಆದರೆ ಸಂಜೆ ಡಬ್ಬಿ ಬರಿದಾದಾಗ, ಫಲಕದ ಬೆಲೆಯನ್ನು ರೂಪಾಯಿಗೆ ಗುಣಿಸಿ ನೋಡಿದ ನನ್ನಾಕೆ 'ನನಗೆ ಹಸಿವಿಲ್ಲ' ಎಂದುಬಿಟ್ಟಳು.

ಮುಂಗಡ ಪಾವತಿ ಹಣ ಉಳಿಸದಿರಬಹುದು. ತುತ್ತು ತುತ್ತಿಗೂ ಬೆಲೆ ಎಣಿಸುವ ಸಂಕಟವನ್ನಂತೂ ತಪ್ಪಿಸುತ್ತದೆ. ಮರುದಿನ ಬೆಳಿಗ್ಗೆ ಊಟಕ್ಕೆಂದೇ 100 ಡಾಲರ್ ಆಕೆಯ ಕೈಗಿತ್ತು, 'ಇದು ಖರ್ಚಾಗಿ ಹೋಯಿತೆಂದೇ ತಿಳಿ' ಎಂದೆ. ಅಂದು ಆಕೆ ಹೊಟ್ಟೆ ತುಂಬ ಉಂಡಳು. ಮಿಕ್ಕ ಹಣವೂ ನಮ್ಮಲ್ಲೇ ಉಳಿಯಿತು.