ಕೈತೋಟಕ್ಕೆ ಎಷ್ಟು ಅಶ್ವಶಕ್ತಿ ಬೇಕು?

ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಬಾವಿ ಬತ್ತುವ ಮೊದಲೇ ಎತ್ತುಗಳು ದಣಿಯುತ್ತಿದ್ದವು. ಅವು ಮೇವು ಮೆದ್ದು ವಿಶ್ರಮಿಸುವಷ್ಟರಲ್ಲಿ ಬಾವಿಯ ಒರತೆ ಹೋದ ನೀರನ್ನು ತುಂಬಿಕೊಡುತ್ತಿತ್ತು. ವಿದ್ಯುತ್ ಪಂಪಿಗಾದರೋ ದಣಿವೆಂಬುದಿಲ್ಲ. ಆದುದರಿಂದ ಎತ್ತುಗಳು ತಾವಾಗಿ ಪಾಲಿಸುತ್ತಿದ್ದ ಮಿತಿಯನ್ನು ಈಗ ತೋಟದ ಒಡೆಯನೇ ಲೆಕ್ಕ ಹಾಕಿ ಪಾಲಿಸಬೇಕಾಗಿದೆ. ದೊಡ್ಡ ಪಂಪನ್ನು ಕೊಂಡರೆ ಚಿಂತೆಯಿಲ್ಲವೆಂಬ ಮಾತು ಅಂಗಡಿಯಲ್ಲಿ ಹಿತವಾಗಿ ಕೇಳಿಸಬಹುದು. ಬಾವಿಯ ಕಟ್ಟೆಯ ಬಳಿ ಅದು ಸಲ್ಲದು.

ಮೊದಲನೆಯದಾಗಿ, ನೀರೆಷ್ಟು ಬೇಕೆಂಬುದನ್ನು ತಿಳಿಯಬೇಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರಾಗುತ್ತದೆ. ಬಯಲುಸೀಮೆಯ ಬೇಸಗೆಯಲ್ಲಿ ತರಕಾರಿ ಮಡಿಗಳಿಗೆ ದಿನಕ್ಕೆ 5 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. 200 ಚದರ ಮೀಟರಿಗೆ 1,000 ಲೀಟರ್. ಹತ್ತು ತೆಂಗಿನ ಮರಗಳಿಗೆ ತಲಾ 50ರಂತೆ 500 ಲೀಟರ್. ಈ 1,500 ಲೀಟರನ್ನು ಒಂದು ಗಂಟೆಯಲ್ಲಿ ಹಾಯಿಸುವುದಾದರೆ ನಿಮಿಷಕ್ಕೆ 25 ಲೀಟರ್ ಸಾಕು.

ಎರಡನೆಯದು ಎತ್ತರ. ಬಾವಿಯ ನೀರಿನ ಮಟ್ಟದಿಂದ ತೋಟಕ್ಕೆ 9 ಮೀಟರ್ ಇದ್ದರೆ, ಕೊಳವೆಯೊಳಗಿನ ಘರ್ಷಣೆಗೂ ಹನಿ ನೀರಾವರಿಗೆ ಬೇಕಾದ ಒತ್ತಡಕ್ಕೂ ಇನ್ನೊಂದು 11 ಮೀಟರ್ ಸೇರಿಸಿ, ಒಟ್ಟು 20 ಎಂದು ಹಿಡಿಯಬಹುದು. ಕೊಳವೆಯ ಬಾಯಿ ಕಿರಿದಾದಷ್ಟೂ ಈ ಘರ್ಷಣೆ ವಿಪರೀತವಾಗಿ ಏರುತ್ತದೆ. ಅಗಲ ಅರ್ಧವಾದರೆ ಘರ್ಷಣೆ ಸುಮಾರು ಮೂವತ್ತು ಪಟ್ಟು!

ಒಂದು ಅಶ್ವಶಕ್ತಿಯೆಂದರೆ 75 ಕಿಲೋಗ್ರಾಂ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಬಲ. ನಮ್ಮ ನೀರಿಗೆ ಈ ಲೆಕ್ಕದಲ್ಲಿ ಬೇಕಾಗುವುದು 0.11 ಅಶ್ವಶಕ್ತಿ. ಸಣ್ಣ ಪಂಪಿನ ಶಕ್ತಿಯಲ್ಲಿ ಮೂರನೆಯ ಒಂದು ಪಾಲು ಮಾತ್ರ ನೀರಿಗೆ ಸಲ್ಲುವುದೆಂದು ಹಿಡಿದರೂ 0.33. ಅರ್ಧ ಅಶ್ವಶಕ್ತಿಯ ಪಂಪು ಧಾರಾಳವಾಗಿ ಸಾಕು.

ಇನ್ನು ಬಾವಿಯ ಮಾತು. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 2 ಮೀಟರ್ ನೀರು ನಿಂತಿದ್ದರೆ ಅದು ಸುಮಾರು 6,280 ಲೀಟರ್. ನೀರೆತ್ತಿದ ಮೇಲೆ ಗಂಟೆಗೆ 30 ಸೆಂಟಿಮೀಟರ್ ಮರಳಿ ಏರಿದರೆ ಒರತೆಯ ಬಲ 940 ಲೀಟರ್. ನಮ್ಮ ಚಿಕ್ಕ ಪಂಪಿಗೆ ಈ ಬಾವಿ ಸೋಲದು. ಆದರೆ ಗಂಟೆಗೆ 10,000 ಲೀಟರ್ ಸೆಳೆಯುವ ಪಂಪನ್ನು ಕೂರಿಸಿದರೆ ಮುಕ್ಕಾಲು ಗಂಟೆಯೊಳಗೆ ತಳ ಕಾಣುತ್ತದೆ. ಬಳಿಕ ಒಣಗಿ ತಿರುಗುವ ಪಂಪು ಕೆಡಲು ಹೆಚ್ಚು ಹೊತ್ತು ಬೇಡ.

ಮತ್ತೊಂದು ಎಚ್ಚರಿಕೆ. ನೆಲದ ಮೇಲಿನ ಪಂಪಿಗೆ ನೀರನ್ನು ತಳ್ಳಿ ಕೊಡುವುದು ವಾಯುಮಂಡಲದ ಒತ್ತಡ. ಸಮುದ್ರಮಟ್ಟದಲ್ಲಿ ಅದರ ಮಿತಿ 10.3 ಮೀಟರ್, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 9ರ ಆಸುಪಾಸು, ವ್ಯವಹಾರದಲ್ಲಿ 6 ಮೀಟರಿಗಿಂತ ಹೆಚ್ಚು ನಂಬಲಾಗದು. ನೀರು ಅದಕ್ಕೂ ಕೆಳಗಿದ್ದರೆ ಎಷ್ಟು ಅಶ್ವಶಕ್ತಿಯಿದ್ದರೂ ವ್ಯರ್ಥ; ನೀರಿನೊಳಗೇ ಮುಳುಗಿರುವ ಪಂಪೇ ಗತಿ.

ಆದುದರಿಂದ ಅಂಗಡಿಗೆ ಹೋದಾಗ ಅಶ್ವಶಕ್ತಿಯನ್ನು ಕೇಳಬೇಡಿ. “20 ಮೀಟರ್ ಎತ್ತರದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ?” ಎಂದು ಕೇಳಿರಿ. ಪಂಪಿನ ಫಲಕದ ಮೇಲೆ ಬರೆದಿರುವ ಗರಿಷ್ಠ ಎತ್ತರವನ್ನು ನೋಡಿ ಮರುಳಾಗಬೇಡಿ. ಆ ಎತ್ತರದಲ್ಲಿ ಒಂದು ತೊಟ್ಟು ನೀರೂ ಹೊರಬೀಳುವುದಿಲ್ಲ.