ಆರೋಗ್ಯದ ಆಸರೆ

ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಗೆ ತುಂಗಭದ್ರೆಯ ಕಾಲುವೆಯ ನೀರುಂಟು. ಕುಷ್ಟಗಿ, ಯಲಬುರ್ಗಾಗಳ ರೈತರು ಬಹುಮಟ್ಟಿಗೆ ಮಳೆಯನ್ನೇ ನಂಬಿದವರು. ಎಲ್ಲಿಯೇ ಆಗಲಿ, ಬಡವರ ಮನೆಯಲ್ಲಿ ಒಬ್ಬರಿಗೆ ಹೃದ್ರೋಗ ತಗಲಿದರೆ ಹಿಂದೆ ಎರಡೇ ದಾರಿಗಳಿದ್ದವು: ಸಾಲ ಮಾಡಿ, ಹೊಲ ಮಾರಿ ಚಿಕಿತ್ಸೆ ಪಡೆಯುವುದು, ಇಲ್ಲವೆ ವಿಧಿಯೆಂದು ಸುಮ್ಮನಿರುವುದು.

ಒಬ್ಬನು ಹೊರಲಾರದ ಭಾರವನ್ನು ಹಲವರು ಹಂಚಿಕೊಳ್ಳುವುದೇ ವಿಮೆಯ ತತ್ತ್ವ. ಆದರೆ ಕಂತು ಕಟ್ಟಲಾರದವನಿಗೆ ವಿಮೆಯೂ ನಿಲುಕದು. ಈ ಕೊರತೆಯನ್ನು ನೀಗಲು 2010ರಲ್ಲಿ ರಾಜ್ಯ ಸರ್ಕಾರವು ಕೊಪ್ಪಳವೂ ಸೇರಿದ ಗುಲ್ಬರ್ಗಾ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಆರಂಭಿಸಿತು. ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳು ಕಂತು ಕಟ್ಟಬೇಕಾಗಿರಲಿಲ್ಲ. ಹಳ್ಳಿಗಳಲ್ಲಿ ತಪಾಸಣಾ ಶಿಬಿರಗಳು ನಡೆದವು. ಹೃದ್ರೋಗ, ಕ್ಯಾನ್ಸರ್ ಮೊದಲಾದ ದೊಡ್ಡ ರೋಗಗಳ ಚಿಕಿತ್ಸೆಯ ವೆಚ್ಚವನ್ನು ಸರ್ಕಾರದ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಸಲ್ಲಿಸಿತು.

ಇದರ ಫಲವೇನು? ಯೋಜನೆಯಿದ್ದ ಹಾಗೂ ಇನ್ನೂ ಬಾರದಿದ್ದ ನೆರೆಹೊರೆಯ ಹಳ್ಳಿಗಳನ್ನು ಸಂಶೋಧಕರು ಹೋಲಿಸಿ, 2014ರಲ್ಲಿ ವರದಿಯನ್ನು ಪ್ರಕಟಿಸಿದರು. ಯೋಜನೆಗೆ ಒಳಪಟ್ಟ ರೋಗಗಳಿಂದ ಬಡವರಲ್ಲಿ ಸಂಭವಿಸುವ ಸಾವು, ಯೋಜನೆಯಿದ್ದ ಕಡೆ ಶೇಕಡಾ 64ರಷ್ಟು ಕಡಿಮೆಯಾಗಿತ್ತು.

2018ರಲ್ಲಿ ರಾಜ್ಯದ ಆರೋಗ್ಯ ಯೋಜನೆಯು ಆಯುಷ್ಮಾನ್ ಭಾರತದೊಡನೆ ಕೂಡಿತು. ಬಡ ಕುಟುಂಬಕ್ಕೆ ದೊರೆಯುವ ನೆರವಿನ ಮಿತಿ ವರ್ಷಕ್ಕೆ 5 ಲಕ್ಷ ರೂಪಾಯಿಗಳಾಯಿತು. ಆದರೆ ಕಾರ್ಡೊಂದೇ ರೋಗವನ್ನು ಗುಣಪಡಿಸದು. ರೋಗವನ್ನು ಬೇಗನೆ ಗುರುತಿಸುವ ತಪಾಸಣೆ, ಸಮೀಪದ ಆಸ್ಪತ್ರೆ, ತನ್ನ ಹಕ್ಕನ್ನು ಅರಿತ ರೋಗಿ, ಈ ಮೂರೂ ಕೂಡಿದಾಗಲೇ ಆಸರೆಯು ಪೂರ್ಣವಾಗುತ್ತದೆ.